ಎರೆಮಣ್ಣಿನಲ್ಲಿ ಮೂಡಿದ ಕೈ

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾದ ಕಪ್ಪು ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: “ಅದೇನ್ರಿ ಟೀಚರ್, ಗೋಡಿ ಮ್ಯಾಲ ಕತ್ತಿ?”

ಕೇಳದೆ ಏನು ಮಾಡಿಯಾರು ಪಾಪ! ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿ, ಪ್ರೈಮರಿ ಶಾಲೆಯ ಕನ್ನಡ ಮೇಡಂ ಮನೆಯಲ್ಲಿ, ಕ್ಯಾಲೆಂಡರಿಗೂ ಗಡಿಯಾರಕ್ಕೂ ನಡುವೆ ಉದ್ದನೆಯ ಕತ್ತಿಯೊಂದು ತೂಗುತ್ತಿದ್ದರೆ ಯಾರಿಗಾದರೂ ಕುತೂಹಲವೇ. ನಾನು ಇಳಿಸಿ ಕೈಗೆ ಕೊಡುತ್ತೇನೆ. ಹೆದರಬೇಡಿ, ಅದು ಫೆನ್ಸಿಂಗ್ ಆಟದ ಕತ್ತಿ, ಹರಿತವಿಲ್ಲ. ತುದಿಯಲ್ಲಿ ಚುಚ್ಚದಂತೆ ಮೊಳೆಯ ತಲೆಯಂಥ ಪುಟ್ಟ ಗುಬುಟು ಬೇರೆ ಇದೆ. ಬಂದವರು ಹಿಡಿದು ಗಾಳಿಯಲ್ಲಿ ಒಮ್ಮೆ ಬೀಸುತ್ತಾರೆ, ಆಮೇಲೆ ಹುಬ್ಬು ಗಂಟು ಹಾಕುತ್ತಾರೆ. “ಚಂದ ಐತ್ರಿ. ಆದರ ಹಿಡಿ ಯಾಕೋ ಕೈಯಾಗ ಕುಂದ್ರವಲ್ದು ನೋಡ್ರಿ” ಅನ್ನುತ್ತಾರೆ. ಹಿಡಿ ನಾನೇ ಮಾಡಿದ್ದೆಂದು ಗೊತ್ತಿದ್ದವರು ಮರ್ಯಾದೆಗೆ ಇನ್ನೊಂದು ಮಾತು ಸೇರಿಸುತ್ತಾರೆ: “ಮೊದಲನೇ ಸಲ ಅಲ್ಲಾ, ಹಂಗ ಆಗ್ತೈತಿ ಬಿಡ್ರಿ.”

ನಾನು “ಹೌದ್ರಿ” ಎಂದು ಮತ್ತೆ ಮೊಳೆಗೆ ನೇತುಹಾಕುತ್ತೇನೆ. ಕುರುಗೋಡಿನ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ ಇದು, ಸುಮ್ಮನಿರುವುದು ಸುಲಭವಲ್ಲ. ಆದರೂ ಆ ಒಂದು ವಿಷಯಕ್ಕೆ ಸುಮ್ಮನಿರುತ್ತೇನೆ. ಇವತ್ತು ನಿಮಗೆ ಹೇಳಿಬಿಡೋಣ ಅನ್ನಿಸಿದೆ, ಕೂತುಕೊಳ್ಳಿ.

ಕತ್ತಿಯ ಬಟ್ಟಲು ಮತ್ತು ಗುಂಡು ನಮ್ಮ ಯಜಮಾನರು ದಾದಾಪೀರ ಅವರು ಮಾಡಿದ್ದು. ಬಟ್ಟಲು ಅಂದರೆ ಎದುರಾಳಿಯ ಕತ್ತಿ ಬೆರಳಿಗೆ ತಾಗದಂತೆ ಮುಂದೆ ಅಡ್ಡ ಇರುವ ಲೋಹದ ಕಾಪು. ಗುಂಡು ಅಂದರೆ ಹಿಡಿಯ ಹಿಂದಿನ ತುದಿಯಲ್ಲಿ ತಿರುಪಿ ಕೂರಿಸುವ ಭಾರ. ಅದಿಲ್ಲದಿದ್ದರೆ ಕತ್ತಿ ಮೂಗು ಮುಂದಾಗಿ ವಾಲುತ್ತದೆ. ಇವೆರಡರ ನಡುವೆ ಮರದ ಹಿಡಿ. ಇಂಗ್ಲಿಷಿನಲ್ಲಿ ಅವಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆಯಂತೆ. ನಮ್ಮ ಮನೆಯಲ್ಲಿ ಮಾತ್ರ ಬಟ್ಟಲು, ಹಿಡಿ, ಗುಂಡು; ಅಡುಗೆಮನೆಯಲ್ಲೂ ಅವೇ ಹೆಸರಿನ ಸಾಮಾನಿದ್ದದ್ದರಿಂದ ದಿನಾ ಗೊಂದಲ. “ಬಟ್ಟಲ ತಾ” ಎಂದಾಗ ಚಟ್ನಿ ಬಟ್ಟಲು ತೆಗೆದುಕೊಂಡು ಹೋಗಿ ಬೈಸಿಕೊಂಡವಳು ನಾನು.

ನಮ್ಮದು ಪಿಂಜಾರರ ಮನೆತನ. ನಮ್ಮ ಮಾವ ಹತ್ತಿ ಹಿಂಜುವವರು. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ ಗಾದಿ ತುಂಬಿಕೊಡುತ್ತಿದ್ದರು. ಅಂಗಡಿಯ ಫೋಮ್ ಹಾಸಿಗೆ ಬಂದ ಮೇಲೆ ಬಿಲ್ಲು ಅಟ್ಟ ಸೇರಿತು, ಮಗ ಲೇತ್ ಮಷೀನ್ ಸೇರಿದರು. ಟ್ರ್ಯಾಕ್ಟರಿನ ಬುಷ್ಷು, ಪಂಪ್‌ಸೆಟ್ಟಿನ ಶಾಫ್ಟು, ಕುಂಟು ಮಂಚದ ಕಾಲು ಎಲ್ಲಾ ಮಾಡುತ್ತಿದ್ದರು. ಒಂದು ದಿನ ಯಾವುದೋ ಕಾಲೇಜಿನ ಪಿ.ಟಿ. ಮಾಸ್ತರರು ಬಟ್ಟೆಯಲ್ಲಿ ಸುತ್ತಿದ ಕತ್ತಿ ತಂದು, “ಹಿಡಿ ಒಡದೈತಿ, ಏನರ ಮಾಡಾಕ ಆಗ್ತೈತೇನು?” ಎಂದರು. ಅಷ್ಟೇ. ಲೇತಿನ ಮುಂದೆ ಆ ಕತ್ತಿಯನ್ನು ಬೆರಳ ಮೇಲೆ ತೂಗಿಸಿಕೊಂಡು ಆ ಸಂಜೆಯೆಲ್ಲ ನಿಂತಿದ್ದರು ಮಾರಾಯರು. ನಾನು ಊಟಕ್ಕೆ ಕರೆದರೆ, “ಶ್ಶ್, ಮಲಗೈತಿ ನೋಡು” ಎಂದರು. ಕತ್ತಿ ಅವರ ತೋರುಬೆರಳ ಮೇಲೆ ಅಲುಗದೆ ಮಲಗಿತ್ತು.

ಈಗಿನ ಆಟಗಾರರು ಪಿಸ್ತೂಲಿನ ಹಿಡಿಯಂಥದ್ದನ್ನು ಬಳಸುತ್ತಾರಂತೆ. ಆದರೆ ಹಳೆಯ ಕಾಲದ ಪದ್ಧತಿಯಲ್ಲೇ ಕತ್ತಿವರಸೆ ಕಲಿಯುವ ಹುಚ್ಚರೂ ಅಲ್ಲಲ್ಲಿ ಇದ್ದಾರೆ. ಅವರಿಗೆ ನೆಟ್ಟನೆಯ ಮರದ ಹಿಡಿಯೇ ಬೇಕು, ಅದೂ ತಮ್ಮ ತಮ್ಮ ಕೈಗೆ ತಕ್ಕಂತೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಹುಬ್ಬಳ್ಳಿ, ಬೆಂಗಳೂರು, ಪುಣೆ ಕಡೆಯಿಂದ ಅಲಗುಗಳು ನಮ್ಮ ಓಣಿಗೆ ಬರತೊಡಗಿದವು. ಅಲಗಿನ ಜೊತೆ ಬೀಟಿನ ಪೊಲೀಸಪ್ಪನೂ ಒಮ್ಮೆ ಬಂದ.

“ಏನ್ ದಾದಾಪೀರ, ಕತ್ತಿ ಮಾಡಾಕ ಹತ್ತೀಯಂತ?”

ಇವರು ಒಂದು ಕತ್ತಿ, ಒಂದು ಸೌತೆಕಾಯಿ ಅವನ ಮುಂದಿಟ್ಟರು. “ಹೆಚ್ಚು ನೋಡೂಣು.” ಆತ ಮೇಲಿಂದ ಒತ್ತಿದ, ಪಕ್ಕದಿಂದ ಒತ್ತಿದ, ಕೊನೆಗೆ ಗರಗಸದ ಹಾಗೆ ಎಳೆದ. ಸೌತೆಕಾಯಿ ಉರುಳಿ ನನ್ನ ಕಾಲ ಬಳಿ ಬಂತು. ನಾನದನ್ನು ತೊಳೆದು, ನಮ್ಮ ಈಳಿಗೆಯಲ್ಲಿ ಹೆಚ್ಚಿ, ಉಪ್ಪು ಖಾರ ಹಾಕಿ ಅವರಿಬ್ಬರಿಗೂ ಕೊಟ್ಟೆ. ಹೋಗುವಾಗ ಪೊಲೀಸಪ್ಪ ಲಾಠಿ ಮುಂದೆ ಮಾಡಿ, “ಇದಕ್ಕೂ ಒಂದು ಹಿಡಿ ಮಾಡಿಕೊಡಾಕ ಬರ್ತೈತೇನು ನೋಡು. ಬ್ಯಾಸಿಗ್ಯಾಗ ಬೆವತು ಜಾರತೈತಿ” ಎಂದ. ಮಾಡಿಕೊಟ್ಟರು ಅನ್ನಿ.

ಇರಲಿ, ನಾನು ಹೇಳಹೊರಟಿದ್ದು ಮಣ್ಣಿನ ವಿಷಯ.

ಕೈಗೆ ತಕ್ಕ ಹಿಡಿ ಮಾಡಬೇಕಾದರೆ ಮೊದಲು ಕೈಯ ಅಚ್ಚು ಬೇಕು. ಅದಕ್ಕೆ ಇವರು ಕಂಡುಕೊಂಡ ದಾರಿ, ಮಣ್ಣಿನ ಮುದ್ದೆಯೊಂದನ್ನು ಕೊಟ್ಟು, ಕತ್ತಿ ಹಿಡಿದ ಹಾಗೆ ಒತ್ತಿ ಹಿಡಿಯಿರಿ ಅನ್ನುವುದು. ಬೆರಳು, ಅಂಗೈ, ಹೆಬ್ಬೆರಳು ಎಲ್ಲಾ ಮುದ್ದೆಯಲ್ಲಿ ಮೂಡುತ್ತದೆ. ಅದನ್ನು ನೋಡಿಕೊಂಡು ಮರವನ್ನು ಅರದಿಂದ ಉಜ್ಜಿ ಉಜ್ಜಿ ಹಾಗೇ ಇಳಿಸುವುದು. ಮಣ್ಣು ಯಾವುದು ಅಂದಿರಿ? ನನ್ನ ತವರು ಸಿರುಗುಪ್ಪದ ಎರೆಮಣ್ಣು. “ನಿಮ್ಮೂರಾಗ ಅಕ್ಕಿ ಬಿಟ್ರ ಚಲೋದು ಇದೊಂದ” ಎಂದು ಕಿಚಾಯಿಸುತ್ತಿದ್ದರು. ನಾನು ಊರಿಗೆ ಹೋದಾಗಲೆಲ್ಲ ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ತೆಕ್ಕಲಕೋಟೆಯಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲದ ಮೇಲೆ ಕೂತು, “ಏನೈತೆವ್ವಾ ಇದರಾಗ, ಅಕ್ಕಿನಾ?” ಎಂದಳು. ಮಣ್ಣು ಅಂದೆ. ಸೀಟು ಬದಲಿಸಿದಳು.

ನನಗಾದರೋ ಆ ಮಣ್ಣು ಹುಟ್ಟಿನಿಂದ ಪರಿಚಯ. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ಚಪ್ಪಲಿಗೆ ಮೆತ್ತಿ ಮೆತ್ತಿ ನಾವು ಹುಡುಗಿಯರೆಲ್ಲ ಗೇಣುದ್ದ ಎತ್ತರವಾಗಿಬಿಡುತ್ತಿದ್ದೆವು. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಡುತ್ತಿತ್ತು. ಆ ಬಿರುಕಿಗೆ ಹುಣಸೆಬೀಜ ಹಾಕಿ, ಕೆಳಗೆ ತಾಗಿದ ಸದ್ದು ಬರುತ್ತದೋ ಎಂದು ಕಿವಿಗೊಟ್ಟು ಮಲಗುತ್ತಿದ್ದೆವು. ನನ್ನ ಒಂದು ಕಿವಿಯೋಲೆ ಇವತ್ತಿಗೂ ಸಿರುಗುಪ್ಪದ ಹೊಲದ ಯಾವುದೋ ಬಿರುಕಿನೊಳಗಿದೆ. ಒದ್ದೆಯಾದಾಗ ಉಬ್ಬುವ, ಒಣಗಿದಾಗ ಕುಗ್ಗುವ ಮಣ್ಣು ಅದೆಂದು ನನಗೆ ಗೊತ್ತಿತ್ತು. ಆದರೂ ಇವರ ಮೊದಲ ಪ್ರಯೋಗದಲ್ಲಿ ನನಗದು ಹೊಳೆಯಲೇ ಇಲ್ಲ ನೋಡಿ.

ಮೊದಲು ತೆಗೆದುಕೊಂಡದ್ದು ನನ್ನದೇ ಕೈ. ರೊಟ್ಟಿ ಬಡಿಯುತ್ತಿದ್ದವಳನ್ನು ಎಬ್ಬಿಸಿ, ಮುದ್ದೆ ಕೊಟ್ಟು, “ಹಿಡಿ, ಗಟ್ಟಿ ಹಿಡಿ, ನನ್ನ ಕುತ್ತಿಗಿ ಅಂತ ತಿಳ್ಕೊ” ಎಂದರು. ಹಾಗೇ ತಿಳಿದುಕೊಂಡು ಹಿಡಿದೆ. ಅದನ್ನು ಬಿಸಿಲಲ್ಲಿಟ್ಟು ಒಣಗಿಸಿ, ಅಳತೆ ಹಿಡಿದು, ಬೇವಿನ ಮರದಲ್ಲಿ ಹಿಡಿ ಇಳಿಸಿ ತಂದು ಕೊಟ್ಟರು. ಯಪ್ಪಾ! ಮೂರನೇ ಕ್ಲಾಸಿನ ಹುಡುಗಿಗೂ ಚಿಕ್ಕದಾಗುವಂಥ ಹಿಡಿ. ಒಣಗಿದ ಮುದ್ದೆ ಕುಗ್ಗಿ ಕುಗ್ಗಿ ನನ್ನ ಕೈಯನ್ನು ಕೂಸಿನ ಕೈ ಮಾಡಿಬಿಟ್ಟಿತ್ತು.

“ಯಾರ ಕೈರಿ ಇದು?” ಎಂದೆ.

“ನಿನ್ನವ, ಟೀಚರಮ್ಮ. ಲಗ್ನಕ್ಕ ಮುಂಚಿನವು” ಎಂದರು.

ನಕ್ಕು ನಕ್ಕು ರೊಟ್ಟಿ ಸೀದು ಹೋಯಿತು. ಆ ಹಿಡಿಯನ್ನು ನಾನು ಇನ್ನೂ ಮಜ್ಜಿಗೆ ಕಡೆಗೋಲಿಗೆ ಹಾಕಿಕೊಂಡಿದ್ದೇನೆ.

ಉಪಾಯ ಹೇಳಿದವರು ಮಾವ. ಮೂಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದವರು, “ಗ್ವಾಡಿಗೆ ಮೆತ್ತೋ ಮಣ್ಣಿಗೆ ಹತ್ತಿ ಕಲಸ್ತಿದ್ವಿ ಹಿಂದಕ. ಬಿರಿತಿದ್ದಿಲ್ಲ” ಎಂದರು. ಅಟ್ಟದ ಬಿಲ್ಲು ಕೆಳಗಿಳಿಯಿತು. ವರ್ಷಗಳ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಟೊಂಯ್ ಟೊಂಯ್ ಸದ್ದು. ಮಾವ ಹತ್ತಿಯನ್ನು ಹೊಗೆಯಷ್ಟು ತೆಳ್ಳಗೆ ಹಿಂಜಿ ಕೊಟ್ಟರು, ಇವರು ಮಣ್ಣಿಗೆ ಕಲಸಿದರು. ಬಿರುಕು ನಿಂತಿತು, ಕುಗ್ಗುವುದು ಪೂರ್ತಿ ನಿಲ್ಲಲಿಲ್ಲ. ಹಾಗಾಗಿ ಕೆಲಸ ಮುಗಿಯುವ ತನಕ ಮುದ್ದೆಯ ಮೇಲೆ ಒದ್ದೆ ಬಟ್ಟೆ ಇರಲೇಬೇಕು. ನಮ್ಮ ಬಳ್ಳಾರಿಯಲ್ಲಿ ಬಟ್ಟೆಗೇನು ಬರ? ಓಣಿಗೊಂದು ಜೀನ್ಸ್ ಹೊಲಿಯುವ ಮನೆ. ಪಕ್ಕದಲ್ಲೇ ಇರುವ ನನ್ನ ನಾದಿನಿಯ ಮನೆಯಿಂದ ಜೀನ್ಸಿನ ಕತ್ತರಿ ತುಂಡುಗಳನ್ನು ತಂದು ನೆನೆಸಿ ಸುತ್ತುತ್ತಿದ್ದರು. ಅದರ ನೀಲಿ ಮಣ್ಣಿಗೆ ಇಳಿದು, ಮುದ್ದೆಗಳೆಲ್ಲ ಕಪ್ಪು ನೀಲಿ. ಮುಟ್ಟಿದವರ ಬೆರಳೂ ನೀಲಿ.

ಈ ಕೆಲಸದಲ್ಲಿ ಇವರಿಗೆ ಎರಡು ನೇಮ ಇದ್ದವು. ಮೊದಲನೆಯದು, ಮರಕ್ಕೆ ಅರ ಇಡುವ ಮುಂಚೆ ಕಣ್ಣು ಮುಚ್ಚಿಕೊಂಡು ತಮ್ಮ ಕೈಯನ್ನು ಆ ಮುದ್ದೆಯೊಳಗೆ ಇಟ್ಟು ಸುಮ್ಮನೆ ಕೂರುವುದು. “ಕಣ್ಣು ಆಳ ಅಷ್ಟ ನೋಡ್ತೈತಿ. ಕೈಗೆ ಮನಶಾನ ಗೊತ್ತಾಗ್ತಾನ” ಅನ್ನುತ್ತಿದ್ದರು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಕೊರಿಯರಿನಲ್ಲಿ ಮುದ್ದೆ ಒತ್ತಿ ಕಳಿಸಿದ್ದರು. ನಾನು ನೋಡಿ, “ಎಂಥಾ ದಪ್ಪ ಬೆರಳ್ರಿ, ಬಾಯಾಗ ಹೆಂಗ ಹಿಡಿಸ್ತಾವು?” ಎಂದೆ. ಇವರು ಕಣ್ಣು ಮುಚ್ಚಿ ಬಲಗೈ ಇಟ್ಟರು, ತೆಗೆದರು, ಎಡಗೈ ಇಟ್ಟರು. “ಡಾಕ್ಟ್ರು ಎಡಚರು” ಎಂದರು. ಫೋನು ಮಾಡಿದರೆ ನಿಜ! ಹೇಳುವುದು ಮರೆತಿದ್ದೆ ಅಂದರಂತೆ. ಬಲಗೈಯ ಅಚ್ಚಿನಲ್ಲಿ ಎಡಗೈ ಕೂರುವುದಿಲ್ಲ, ಎಡಗೈಯದರಲ್ಲಿ ಬಲಗೈ ಕೂರುವುದಿಲ್ಲ. ಹೆಬ್ಬೆರಳಿಗೆ ಜಾಗವೇ ಸಿಗುವುದಿಲ್ಲ. ಕಾಲಿಗೆ ಎಡ ಬಲ ಅದಲುಬದಲು ಚಪ್ಪಲಿ ಹಾಕಿಕೊಂಡ ಹಾಗೆ.

ಎರಡನೆಯ ನೇಮ, ಕತ್ತಿ ಮನೆ ಬಿಟ್ಟ ದಿನವೇ ಮುದ್ದೆಯನ್ನು ಬಕೆಟ್ಟಿನ ನೀರಿಗೆ ಹಾಕುವುದು. ಅದು ಕರಗಿ ಮತ್ತೆ ಮಣ್ಣಾಗಿ ಮುಂದಿನವರ ಕೈಗೆ ಹೋಗಬೇಕು. “ಮಂದಿ ಕೈ ನಾವು ಇಟ್ಕೋಬಾರದು. ಅವರದು ಅವರಿಗೆ” ಎನ್ನುತ್ತಿದ್ದರು. ನನ್ನ ಕೆಲಸ ಹಿಡಿಯ ಮೇಲೆ ಮೇಣದ ದಾರ ಸುತ್ತುವುದು. ಸಂಜೆ ಶಾಲೆಯಿಂದ ಬಂದು, ಚಹಾ ಕುಡಿದು, ದಾರ ಸುತ್ತುತ್ತ ಆ ದಿನದ ಮಕ್ಕಳ ಕಥೆ ಹೇಳುತ್ತಿದ್ದೆ. ಅವರು ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದಿರುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದರ ದುಃಖ ಇತ್ತು, ಇಲ್ಲವೆನ್ನಲಾರೆ. ಆದರೆ ಆ ಸಂಜೆಗಳೂ ಇದ್ದವು.

ಇಷ್ಟು ಜನರಿಗೆ ಮಾಡಿಕೊಟ್ಟರೂ ತಮಗೆಂದು ಒಂದು ಕತ್ತಿ ಇರಲಿಲ್ಲ. ಕೊನೆಗೊಮ್ಮೆ ಯಾರೋ ಬೇಡವೆಂದು ಬಿಟ್ಟುಹೋದ ಅಲಗಿಗೆ ತಮ್ಮದೇ ಬಟ್ಟಲು ಬಡಿಯತೊಡಗಿದರು. ಹಿತ್ತಾಳೆಯದು, ಬಂಗಾರದ ಹಾಗೆ ಹೊಳೆಯುತ್ತಿತ್ತು. ಎಷ್ಟು ಚಂದ ಇದೆಯಲ್ಲ ಎಂದು ತಿರುಗಿಸಿ ನೋಡಿದರೆ ಅಂಚಿನಲ್ಲಿ ನನ್ನ ಅಮ್ಮನ ಹೆಸರಿನ ಅರ್ಧ! ಮದುವೆಯಲ್ಲಿ ಸಿರುಗುಪ್ಪದಿಂದ ಕೊಟ್ಟಿದ್ದ ಗಂಗಾಳವನ್ನು ಕತ್ತರಿಸಿಬಿಟ್ಟಿದ್ದರು ಪುಣ್ಯಾತ್ಮರು.

“ಊಟ ಮಾಡೋ ಗಂಗಾಳ ಅಲ್ರೀ ಅದು!”

“ಈಗ ನನ್ನ ಬೆರಳು ಕಾಯೋ ಗಂಗಾಳ. ನಿಮ್ಮವ್ವ ಅಳಿಯಗ ಕೊಟ್ಟಿದ್ದು ಮತ್ತ್ಯಾತಕ್ಕ?”

ಜಗಳ ಆಡಿದೆ, ಮಾತು ಬಿಟ್ಟೆ, ಮತ್ತೆ ಮಾತಾಡಿದೆ. ಬಟ್ಟಲು ಆಯಿತು, ಗುಂಡು ಆಯಿತು. ಹಿಡಿಗೆ ಕಮರದ ಮರದ ತುಂಡು ತಂದು, ನಡುವೆ ತೂತು ಹಾಕಿಟ್ಟರು. ಅಷ್ಟರಲ್ಲಿ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ತಾವೂ ಬಿದ್ದರು.

ಲಕ್ವ ಹೊಡೆದದ್ದು ಬಲಕ್ಕೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ತೊದಲಾದರೂ ಅರ್ಥವಾಗುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಬೇರೆಯವರು ಮರೆತುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡಲು ಬಂದವನು ಹಳದಿ ರಬ್ಬರ್ ಚೆಂಡು ಕೊಟ್ಟು, ದಿನಾ ಒತ್ತಿಸಿರಿ ಎಂದ. ಇವರು ಒಂದು ದಿನ ನೋಡಿದರು.

“ಈ ಚೆಂಡು ಒತ್ತಿದ್ರೂ ಅಷ್ಟ, ಬಿಟ್ರೂ ಅಷ್ಟ. ಮತ್ತ ಮೊದಲಿನಂಗ ಆಗ್ತೈತಿ. ಮಣ್ಣು ಕೊಡು. ಅದು ನೆಪ್ಪ ಇಟ್ಕೊಂತೈತಿ.”

ಸರಿಯೆಂದು ಮಣ್ಣು ಕಲಸಿ, ಹತ್ತಿ ಸೇರಿಸಿ, ಹದವಾದ ಮುದ್ದೆ ಮಾಡಿ ಅವರ ಬಲಗೈಯಲ್ಲಿಟ್ಟೆ. ಬೆರಳುಗಳನ್ನು ಒಂದೊಂದಾಗಿ ಮಡಚಿ ಸುತ್ತಲೂ ಕೂರಿಸಿದೆ. ಅವರು ಹಣೆಯ ನರ ಉಬ್ಬುವಷ್ಟು ಪ್ರಯತ್ನಪಟ್ಟರು. ಕೈ ತೆಗೆದು ನೋಡಿದರೆ ಮುದ್ದೆ ನಾನು ಮಾಡಿದ ಹಾಗೇ ನುಣ್ಣಗಿತ್ತು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಎಂಥೆಂಥಾ ಕೈಗಳನ್ನು ನೆನಪಿಟ್ಟುಕೊಂಡ ಆ ಮಣ್ಣು ಇವರದೊಂದನ್ನು ಗುರುತೇ ಹಿಡಿಯಲಿಲ್ಲವಲ್ಲ ಎಂದು ನನಗೆ ಸಂಕಟ ತಡೆಯಲಾಗಲಿಲ್ಲ. ಅವರ ಮುಂದೆಯೇ ಅತ್ತುಬಿಟ್ಟೆ.

ರಜೆ ಮುಗಿಯುತ್ತ ಬಂದಿತ್ತು. “ಸಾಲಿಗಿ ಹೋಗು” ಎಂದರು. ಹಗಲು ನೋಡಿಕೊಳ್ಳಲು ನಾದಿನಿ ಇದ್ದಳು. ಆದರೂ ನನಗೆ ಹಟ. “ನಿಮ್ಮ ಬೆರಳು ಇದರಾಗ ಮೂಡೋತನಕ ನಾ ಎಲ್ಲಿಗೂ ಹೋಗಂಗಿಲ್ರಿ. ನೌಕರಿ ಹೋದ್ರ ಹೋಗ್ಲಿ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಗ ನಾನು ಉಣ್ಣುವುದೂ ಬಿಟ್ಟಿದ್ದೆ, ತಲೆ ಬಾಚುವುದೂ ಬಿಟ್ಟಿದ್ದೆ. ಬಾಗಿಲಿಗೆ ಬಂದವರು ಕಾಯಿಲೆ ಯಾರಿಗೆ ಎಂದು ಒಂದು ಗಳಿಗೆ ಯೋಚಿಸುವ ಹಾಗಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೋಣೆಯಿಂದ ಕರೆದರು. ಓಡಿದೆ. ತೊಡೆಯ ಮೇಲಿನ ಹಲಗೆಯಲ್ಲಿ ಮುದ್ದೆ, ಅದರ ಪಕ್ಕದಲ್ಲಿ ಅವರ ಬಲಗೈ. ಮುದ್ದೆಯ ಮೇಲೆ ನಾಲ್ಕು ಬೆರಳಿನ ಗುರುತು! ಉಗುರಿನ ಮೇಲಿನ ಗೆರೆಯಷ್ಟು ತೆಳ್ಳಗೆ, ಆದರೂ ಗುರುತು ಗುರುತೇ.

“ಮೂಡ್ಯಾವೇನು?” ಎಂದರು.

“ಮೂಡ್ಯಾವ್ರಿ! ಮೂಡ್ಯಾವು!” ಹಿಟ್ಟಿನ ಕೈಯಲ್ಲೇ ಅವರ ಗಲ್ಲ ಹಿಡಿದುಕೊಂಡೆ. ಅರ್ಧ ಮುಖದಲ್ಲಿ ನಕ್ಕರು. ಮುಖವೆಲ್ಲ ಜೋಳದ ಹಿಟ್ಟು.

“ಹಂಗಾರ ನಡಿ ಟೀಚರಮ್ಮ. ಬಸ್ಸು.”

ನಡೆದೆ. ಅವತ್ತು ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯಾರಿಗೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ನಗುತ್ತ ಹೋದೆ. ಆಮೇಲೆ ಅದೇ ನಮ್ಮ ದಿನಚರಿ. ಬೆಳಗ್ಗೆ ಮುದ್ದೆ ಕೊಟ್ಟು ಅಡುಗೆಮನೆಗೆ ಹೋಗುವುದು, ಅವರು ಕರೆದಾಗ ಬಂದು ಬಗ್ಗಿ ನೋಡುವುದು. ನನ್ನ ಕೈ ಹಿಟ್ಟಾಗಿರುತ್ತಿದ್ದುದರಿಂದ ಮುಟ್ಟುತ್ತಿರಲಿಲ್ಲ. ಬೆರಳಿನ ಗೆರೆಗಳಿರುವ ಕಡೆಯನ್ನೇ ಅವರು ನನ್ನತ್ತ ತಿರುಗಿಸಿ ಇಟ್ಟಿರುತ್ತಿದ್ದರು. “ಇವತ್ತೆಷ್ಟು ಆಳ ಐತಿ?” “ನಿನ್ನಿಗಿಂತ ಜಾಸ್ತಿನ ಐತ್ರಿ.” ಸಂಜೆ ಬಂದು ಮುದ್ದೆಯನ್ನು ಒಂದೇ ಗುದ್ದಿಗೆ ಹಿಸುಕಿ ನಾಳೆಗೆಂದು ಮತ್ತೆ ನಾದಿಡುತ್ತಿದ್ದೆ. ಗೆರೆಗಳು ದಿನಾ ಒಂದಿಷ್ಟೇ ಒಂದಿಷ್ಟು ಆಳವಾದವು. ಬಲಗೈ ಚಮಚ ಹಿಡಿಯಲಿಲ್ಲ, ಗುಂಡಿ ಹಾಕಲಿಲ್ಲ. ಅದಕ್ಕೂ ಅವರ ಬಳಿ ಉತ್ತರವಿತ್ತು: “ಮೊದಲು ಹಿಡಿತ ಬರ್ತೈತಿ, ಆಮ್ಯಾಲ ನಾಜೂಕು.” ನಂಬಿದೆ. ಆ ಕಮರದ ಮರವನ್ನು ತೋರಿಸಿ, “ಹಿಡಿ ನೀವ ಇಳಿಸ್ತೀರಿ ನೋಡ್ರಿ” ಎಂದರೆ, “ಹೂಂ ಮತ್ತ” ಎನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಶಾಲೆಗೆ ನಾದಿನಿಯ ಫೋನು ಬಂತು. ಬರುವಷ್ಟರಲ್ಲಿ ಮುಗಿದಿತ್ತು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ನೋಡಿದರೆ ಆ ಬೆಳಗಿನ ಮುದ್ದೆ ಜೀನ್ಸಿನ ಬಟ್ಟೆಯೊಳಗೆ ಕಪಾಟಿನ ಮೇಲೆ ಹಾಗೇ ಇತ್ತು. ಅವತ್ತಿನದು ಎಲ್ಲಕ್ಕಿಂತ ಆಳವಾದದ್ದು. ನೇಮದ ಪ್ರಕಾರ ಅದನ್ನು ನೀರಿಗೆ ಹಾಕಬೇಕು. ನನ್ನಿಂದ ಆಗಲಿಲ್ಲ. ಮಂದಿ ಕೈ ಇಟ್ಟುಕೊಳ್ಳಬಾರದು, ಸರಿ, ಗಂಡನ ಕೈ? ಅದೂ ಸತ್ತುಹೋಗಿದ್ದದ್ದು ಮತ್ತೆ ಜೀವ ಹಿಡಿದ ಕೈ? ದಿನಾ ಬೆಳಗ್ಗೆ ಬಟ್ಟೆಗೆ ನೀರು ಚಿಮುಕಿಸಿ ಮತ್ತೆ ಸುತ್ತಿಡತೊಡಗಿದೆ. ನೀರು ಮರೆತರೆ ಮುದ್ದೆ ಕುಗ್ಗಿ ಕೂಸಿನ ಕೈಯಾಗುತ್ತದೆ. ನೀರು ಹೆಚ್ಚಾದರೆ ಗೆರೆಗಳ ಅಂಚು ಸವೆಯುತ್ತದೆ. ಇದರ ನಡುವೆ ಎಷ್ಟು ದಿನ ಕಾಯಲು ಆದೀತು? ಶಾಲೆಯಲ್ಲಿ ಮಕ್ಕಳು ನನ್ನ ಬೆರಳು ನೋಡಿ, “ಟೀಚರ್ ಪೆನ್ನು ಲೀಕ್ ಆಗೈತಿ” ಎಂದು ನಗುತ್ತಿದ್ದವು. ನಗಲಿ ಎಂದು ಬಿಟ್ಟೆ.

ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗೆರೆಗಳು ಮಸುಕಾದದ್ದು ಕಣ್ಣಿಗೇ ಕಾಣತೊಡಗಿತು. ಆಗ ನನಗೆ ದಿಗಿಲು ಹತ್ತಿತು. ಇದು ಪೂರ್ತಿ ಅಳಿಸಿಹೋಗುವ ಮೊದಲು ಮರಕ್ಕೆ ಇಳಿಸಬೇಕು. ಅವರ ಕತ್ತಿಗೆ ಅವರ ಬಲಗೈಯ ಹಿಡಿ ಕೂರಿಸಬೇಕು. ಮಣ್ಣು ಅಳಿದರೂ ಮರ ಉಳಿಯುತ್ತದೆ. ಬೇರೆಯವರಿಗೆ ಕೊಡಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವಳು, ವಕ್ರವೋ ಸೊಟ್ಟವೋ ನಾನೇ ಮಾಡುತ್ತೇನೆ ಎಂದುಕೊಂಡೆ. ಒಂದು ಬೆಳಗ್ಗೆ ಸ್ನಾನ ಮಾಡಿ, ಶಾಲೆಯ ಸೀರೆ ಉಟ್ಟು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವರ ಮಣೆಯ ಮೇಲೆ ಕೂತೆ. ಮೊದಲ ನೇಮ ನೆನಪಿತ್ತು. ಕಣ್ಣು ಮುಚ್ಚಿದೆ. ಅಳಿಸಿಹೋಗುತ್ತದೆಂಬ ಹೆದರಿಕೆಗೆ ಅಲ್ಲಿಯ ತನಕ ಒಮ್ಮೆಯೂ ಹಿಡಿದು ನೋಡಿರದ ಆ ಮುದ್ದೆಯೊಳಗೆ ನನ್ನ ಬಲಗೈ ಇಟ್ಟೆ.

ಕೂರಲಿಲ್ಲ. ಅಂಗೈ ಇರಬೇಕಾದಲ್ಲಿ ಗೆರೆಗಳು, ಹೆಬ್ಬೆರಳಿಗೆ ಎಲ್ಲಿಯೂ ಜಾಗವಿಲ್ಲ. ತಲೆಕೆಳಗು ಮಾಡಿ ಹಿಡಿದೆ, ಆಗಲೂ ಇಲ್ಲ. ನೀರು ಚಿಮುಕಿಸಿ ಚಿಮುಕಿಸಿ ನಾನೇ ಹಾಳು ಮಾಡಿಬಿಟ್ಟೆನಲ್ಲಪ್ಪಾ ಎಂದು ನನ್ನನ್ನೇ ಬೈದುಕೊಂಡೆ. ಕೆಸರಾದ ಬಲಗೈಯನ್ನು ಒರೆಸಿಕೊಳ್ಳಲೆಂದು ಮುದ್ದೆಯನ್ನು ಎಡಗೈಗೆ ಬದಲಿಸಿಕೊಂಡೆ.

ಬೆರಳುಗಳು ತಾವಾಗಿಯೇ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ನಾಲ್ಕೂ ಬೆರಳು. ಹೆಬ್ಬೆರಳು. ಅವರ ಕೈ ದೊಡ್ಡದಾದ್ದರಿಂದ ಸಡಿಲವಾಗಿ, ಆದರೆ ಒಂದೂ ತಪ್ಪದೆ.

ಎಡಗೈ.

ನಾನು ಕಣ್ಣು ಬಿಡಲಿಲ್ಲ. “ಕಳ್ಳ” ಎಂದೆ. ಗಟ್ಟಿಯಾಗಿಯೇ ಎಂದೆ. “ಕಳ್ಳ ಮನಶಾ, ನನ್ನ ಹತ್ರ ಆಟ ಆಡ್ತಿದ್ರೇನು?” ಆ ಬಲಗೈಗೆ ಜೀವ ಬಂದೇ ಇರಲಿಲ್ಲ. ಒಂದು ದಿನವೂ ಬಂದಿರಲಿಲ್ಲ. ನಾನು ಅಡುಗೆಮನೆಗೆ ಹೋದ ಮೇಲೆ ಎಡಗೈಯಲ್ಲಿ ಒತ್ತಿ, ಬೆರಳಿನ ಕಡೆ ನನ್ನತ್ತ ತಿರುಗಿಸಿ, ಸತ್ತ ಕೈಯನ್ನು ಪಕ್ಕದಲ್ಲಿಟ್ಟು ಕರೆಯುತ್ತಿದ್ದರು. ಮೊದಲ ದಿನವೇ ಆಳವಾಗಿ ಒತ್ತಿದ್ದರೆ ನಾನು ನಂಬುತ್ತಿರಲಿಲ್ಲ. ಅದಕ್ಕೆ ದಿನಾ ಒಂದಿಷ್ಟೇ ಒಂದಿಷ್ಟು. ಮರಕ್ಕೆ ಅರ ಆಡಿಸುವಾಗ ಇರುತ್ತಿದ್ದ ಅದೇ ತಾಳ್ಮೆ. ಹೆಬ್ಬೆರಳು ಯಾವ ಕಡೆಗಿದೆ ಎಂದು ನಾನು ಒಂದು ದಿನವಾದರೂ ನೋಡಬಹುದಿತ್ತು. ನಾನು ಆಳ ಮಾತ್ರ ನೋಡಿದೆ.

ಆ ಕಮರದ ಮರವನ್ನು ಆಮೇಲೆ ಉಜ್ಜಿ ಉಜ್ಜಿ ಎಡಗೈಯ ಹಿಡಿಯನ್ನೇ ಮಾಡಿದೆ. ದಾರ ಸುತ್ತಿದೆ. ಗೋಡೆಗೆ ಹಾಕಿದ ದಿನವೇ ಮುದ್ದೆಯನ್ನು ನೀರಿಗೆ ಬಿಟ್ಟೆ, ಅವರದು ಅವರಿಗೆ. ಬಂದವರೆಲ್ಲ ಬಲಗೈ ಚಾಚುತ್ತಾರೆ, ಕೈಯಲ್ಲಿ ಕೂರುವುದಿಲ್ಲ ಅನ್ನುತ್ತಾರೆ. ಕೂರುವುದಿಲ್ಲ, ನಿಜ.

ಅದೆಲ್ಲ ಆಮೇಲಿನ ಮಾತು. ಆ ಬೆಳಗ್ಗೆ ಮಾತ್ರ ನಾನು ಏನೂ ಮಾಡಲಿಲ್ಲ. ಅವರ ಎಡಗೈ ಒತ್ತಿದ ಜಾಗದಲ್ಲಿ ನನ್ನ ಎಡಗೈ ಇಟ್ಟುಕೊಂಡು, ಶಾಲೆಯ ಸೀರೆಯ ಮೇಲೆ ಕಪ್ಪು ನೀಲಿ ನೀರು ಸೋರುತ್ತಿದ್ದರೂ ಏಳದೆ ಕೂತಿದ್ದೆ. ಗಡಿಯಾರ ನೋಡಿದೆ. ಕುರುಗೋಡಿನ ಬಸ್ಸು ಬಿಡುವ ಹೊತ್ತು. ನಾನು ಈ ಬಸ್ಸಿಗೆ ನಗುತ್ತ ಹೋಗಲೆಂದು ಅವರು ಬದುಕಿರುವ ತನಕ ದಿನಾ ಒತ್ತಿದರು. ಅವತ್ತು ನಾನು ಹೋಗಲಿಲ್ಲ.